ಸೋತವನು ಸಾರು ಮಾಡಬೇಕು

ಜಯಸಿಂಹ ಅವರ ಬಗ್ಗೆ ಹೇಳಬೇಕೆಂದರೆ ಅವರ ಹಿತ್ತಿಲ ಗೋಡೆಯಿಂದಲೇ ಶುರು ಮಾಡಬೇಕು. ಪೀಣ್ಯದಲ್ಲಿ ನಮ್ಮದು ಫ್ಯಾಕ್ಟರಿ ನೌಕರರ ಬಡಾವಣೆ. ಅವರ ಹಿತ್ತಿಲಿಗೂ ಶ್ಯಾಮಣ್ಣನವರ ಹಿತ್ತಿಲಿಗೂ ನಡುವೆ ಎದೆಮಟ್ಟದ ಗೋಡೆ. ಇಬ್ಬರೂ ಟೂಲ್‌ರೂಮಿನಲ್ಲಿ ಅಕ್ಕಪಕ್ಕದ ಮೆಷಿನ್ನಿನ ಮುಂದೆ ನಿಂತು ತಲೆ ಬೆಳ್ಳಗಾದವರು. ನಾನು ಪ್ರಭಾ, ಎದುರು ಮನೆಯವಳು. ಅದೇ ಫ್ಯಾಕ್ಟರಿಯ ಕಾಯಿಲ್ ವೈಂಡಿಂಗ್ ವಿಭಾಗದಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡಿ ರಿಟೈರ್ ಆದೆ. ನನ್ನ ಕಣ್ಣಿಗೆ ಮಣ್ಣೆರಚಲು ಯಾರಿಂದಲೂ ಆಗದು ಎಂಬ ಜಂಭ ನನಗೆ ಮೊದಲಿನಿಂದಲೂ ಇತ್ತು.

ರಿಟೈರ್ ಆದ ಮೇಲೆ ಈ ಇಬ್ಬರಿಗೂ ಟೊಮೇಟೊ ಹುಚ್ಚು ಹಿಡಿಯಿತು. ದೀಪಾವಳಿ ಕಳೆದ ಮೇಲೆ ಇಬ್ಬರೂ ಒಂದೇ ದಿನ ಸಸಿ ನೆಡಬೇಕು. ಯಾರ ಗಿಡದಲ್ಲಿ ಮೊದಲು ಹಣ್ಣು ಕೆಂಪಾಗುತ್ತದೋ ಅವರು ಗೆದ್ದಂತೆ. ಸೋತವನು ಟೊಮೇಟೊ ಸಾರು ಮಾಡಿ ಗೆದ್ದವನಿಗೆ ಬಡಿಸಬೇಕು. ತೀರ್ಪು ನನ್ನದು. ಜಯಸಿಂಹ ಅವರ ಹಿತ್ತಿಲಲ್ಲಿ ನಿಂತು, ಗೋಡೆಯಾಚೆ ಕಣ್ಣು ಹಾಯಿಸಿ, ತೊಟ್ಟಿನ ಸುತ್ತ ಹಸಿರು ಉಳಿದಿಲ್ಲವೆಂದು ಖಾತ್ರಿಯಾದರೆ "ಪಾಸ್" ಅನ್ನಬೇಕು. ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಗಿಡಕ್ಕೆ ದೃಷ್ಟಿಯಾಗುತ್ತದೆ ಎನ್ನುವುದು ಶ್ಯಾಮಣ್ಣನವರು ಮಾಡಿದ ಕಾನೂನು.

ಪ್ರತಿ ವರ್ಷ ಶ್ಯಾಮಣ್ಣನವರೇ ಗೆದ್ದರು. ಜಯಸಿಂಹ ಅವರೇನು ಕಡಿಮೆ ಕಷ್ಟಪಟ್ಟವರಲ್ಲ. ಗೊಬ್ಬರ ಜರಡಿ ಹಿಡಿಯುತ್ತಿದ್ದರು, ಎಲೆಯ ಕಂಕುಳಲ್ಲಿ ಹೊಡೆದ ಚಿಗುರನ್ನು ಉಗುರಿನಿಂದ ಚಿವುಟುತ್ತಿದ್ದರು, ಕಾಯಿಯ ದಪ್ಪವನ್ನು ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯುತ್ತಿದ್ದರು. ಇವರ ಕಾಯಿ ಇನ್ನೂ ಹಳದಿಗೆ ತಿರುಗುತ್ತಿರುವಾಗಲೇ ಆಚೆಯಿಂದ ಕೂಗು ಬರುತ್ತಿತ್ತು. "ಲೋ ಜಯಸಿಂಹ, ಸಾರಿಗೆ ಬೇಳೆ ಹಾಕೋ." ಯಾವ ತಳಿ ಎಂದು ಕೇಳಿದರೆ ಆ ಮನುಷ್ಯ ಬಾಯಿಬಿಡುತ್ತಿರಲಿಲ್ಲ. "ಎಲ್ಲಾ ಕೈಗುಣ ಕಣೋ," ಅನ್ನುತ್ತಿದ್ದರು.

ಜಯಸಿಂಹ ಮದುವೆಯಾಗಲಿಲ್ಲ. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ವಯಸ್ಸು ಕಳೆಯಿತು. ತಾಯಿ ಹೋದ ಮೇಲೆ ಅವರಿಗೆಂದು ಅಡುಗೆ ಮಾಡಿ ಬಡಿಸಿದವರು ಯಾರೂ ಇಲ್ಲ. ಹಬ್ಬದಲ್ಲಿ ನಾನು ಹೋಳಿಗೆ ಕೊಟ್ಟರೂ ಗೇಟಿನಲ್ಲೇ ತೆಗೆದುಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಒಮ್ಮೆ ಮಾತ್ರ, ಸಸಿಗೆ ನೀರು ಹಾಕುತ್ತಾ, ತಾವಾಗಿಯೇ ಹೇಳಿದ್ದರು. "ಒಂದ್ಸಲ ಗೆಲ್ಬೇಕು ಮೇಡಂ. ಶ್ಯಾಮಣ್ಣ ಒಲೆ ಮುಂದೆ ನಿಂತು ಸಾರು ಮಾಡ್ಬೇಕು, ನಾನು ಸುಮ್ನೆ ಕೂತಿರ್ಬೇಕು."

ಕಳೆದ ವರ್ಷ ಶ್ಯಾಮಣ್ಣನವರು ಮನೆಯನ್ನು ಬಾಡಿಗೆಗೆ ಕೊಟ್ಟು, ಸರ್ಜಾಪುರದಲ್ಲಿರುವ ಮಗಳು ಶರಣ್ಯಳ ಅಪಾರ್ಟ್‌ಮೆಂಟಿಗೆ ಹೋದರು. "ಅಲ್ಲಿ ಬಾಲ್ಕನೀಲಿ ಹಾಕ್ತೀನಿ, ರೇಸ್ ನಿಲ್ಲಲ್ಲ ಕಣೋ," ಎಂದು ಮಾತು ಕೊಟ್ಟೇ ಹೋಗಿದ್ದು. ಆ ಮನೆ ಈಗ ರಟ್ಟಿನ ಪೆಟ್ಟಿಗೆಗಳ ಗೋಡೌನ್. ಹಿತ್ತಿಲಿಗೆಲ್ಲ ಸಿಮೆಂಟು ಬಳಿದುಬಿಟ್ಟರು. ಜಯಸಿಂಹ ಅವರ ದನಿ ನನಗೆ ಕೇಳುತ್ತಿದ್ದುದು ಬೆಳಗ್ಗೆ ಹಾಲಿನವನೊಂದಿಗೆ ಆಡುವ ಎರಡು ಮಾತಿನಲ್ಲಿ ಮಾತ್ರ. ನಮ್ಮ ಮನೆಯಲ್ಲಿ ಅತ್ತೆ, ಯಜಮಾನರು, ಟಿವಿ, ಮಿಕ್ಸಿ ಎಂದು ಸದ್ದೋ ಸದ್ದು. ಎದುರಿಗೆ ಆ ಮನೆ ತೆಪ್ಪಗಿರುವುದನ್ನು ಕಂಡರೆ ನನಗೆ ಸಂಕಟವಾಗುತ್ತಿತ್ತು.

ದೀಪಾವಳಿ ಕಳೆಯುತ್ತಲೇ ಜಯಸಿಂಹ ಹೆಸರಘಟ್ಟದ ಕಡೆಯ ಒಂದು ನರ್ಸರಿಗೆ ಹೋಗಿ, ಎಲ್ಲಕ್ಕಿಂತ ಬೇಗ ಹಣ್ಣು ಬಿಡುವ ಹೈಬ್ರಿಡ್ ಯಾವುದೆಂದು ವಿಚಾರಿಸಿ ಸಸಿ ತಂದರು. ನೆಟ್ಟ ದಿನ ಸರ್ಜಾಪುರಕ್ಕೆ ಫೋನ್ ಮಾಡಿದರು. "ಹಾಕ್ದೆ ಕಣೋ, ಹಾಕ್ದೆ," ಎಂದಿತು ಆ ಕಡೆಯ ದನಿ. ಗಿಡ ಮೊಣಕಾಲೆತ್ತರಕ್ಕೇ ನಿಂತು, ಆ ಎತ್ತರದಲ್ಲೇ ಗೊಂಚಲು ಗೊಂಚಲಾಗಿ ಕಾಯಿ ಹಿಡಿಯಿತು. ಸಂಕ್ರಾಂತಿ ಕಳೆದ ಕೆಲವೇ ದಿನಕ್ಕೆ ಒಂದು ಹಣ್ಣು ತೊಟ್ಟಿನವರೆಗೂ ಕೆಂಪಾಯಿತು. ನನ್ನನ್ನು ಕರೆದು ತೋರಿಸಿದರು. ನಾನು ಪಾಸ್ ಎಂದೆ. ಮತ್ತೆ ಫೋನ್ ಮಾಡಿದರೆ ಶ್ಯಾಮಣ್ಣನವರು, "ನಂದಿನ್ನೂ ಕಾಯಿ ಕಣೋ, ಗೆದ್ದೆ ಬಿಡು. ಭಾನುವಾರ ಮನೆಗೆ ಬಾ," ಎಂದರು.

ತೀರ್ಪುಗಾರ್ತಿ ಬರಲೇಬೇಕೆಂದು ಜಯಸಿಂಹ ನನ್ನನ್ನೂ ಹೊರಡಿಸಿದರು. ಇಸ್ತ್ರಿ ಮಾಡಿದ ಶರಟು, ಕೈಯಲ್ಲೊಂದು ಸ್ಟೀಲ್ ಡಬ್ಬಿ, ಒಳಗೆ ಹತ್ತಿಯ ಮೇಲೆ ಆ ಹಣ್ಣು. ಮೆಟ್ರೋ ಹತ್ತಿ, ಎರಡು ಬಸ್ ಬದಲಿಸಿ ಹೋದೆವು. ದಾರಿಯಲ್ಲಿ ಇಡ್ಲಿ ತಿನ್ನೋಣ ಎಂದರೆ ಕೇಳಲಿಲ್ಲ. "ಹಸಿವು ಇಟ್ಕೊಂಡಿದೀನಿ ಮೇಡಂ," ಎಂದರು.

ಶ್ಯಾಮಣ್ಣನವರು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬಾಗಿಲು ತೆಗೆದರು. ಮೈಕೈ ತುಂಬಿಕೊಂಡು ಚೆನ್ನಾಗಿದ್ದರು. ಅಪಾರ್ಟ್‌ಮೆಂಟಿನಲ್ಲಿ ವಾಕಿಂಗ್ ಗುಂಪಂತೆ, ಕೇರಂ ಅಂತೆ, ಮೈಸೂರಿಗೆ ಟೂರ್ ಅಂತೆ, ಒಂದೇ ಸಮ ಹೇಳಿದರು. ಜಯಸಿಂಹ ಎದ್ದು ಬಾಲ್ಕನಿಗೆ ಹೋದರು. ಅಲ್ಲಿ ಒಂದು ಸೈಕಲ್ಲು, ಬಟ್ಟೆ ಒಣಗಿಸುವ ಸ್ಟ್ಯಾಂಡು. ಕುಂಡ ಅನ್ನುವುದು ಒಂದೂ ಇರಲಿಲ್ಲ.

"ಇಲ್ಲಿ ಬಿಸಿಲೆಲ್ಲಿ ಬರುತ್ತೋ," ಎಂದು ಶ್ಯಾಮಣ್ಣನವರು ನಕ್ಕರು. "ನಿಂಗೆ ಬೇಜಾರಾಗ್ಬಾರ್ದು ಅಂತ ಹಾಕ್ದೆ ಅಂದೆ. ಸಾರು ತಾನೆ? ಈಗ್ಲೇ ಆರ್ಡರ್ ಮಾಡ್ತೀನಿ ಇರು."

ಪ್ಲಾಸ್ಟಿಕ್ ಡಬ್ಬಿಯಲ್ಲಿ ಯಾವುದೋ ಹೋಟೆಲಿನ ಟೊಮೇಟೊ ಸಾರು ಬಂತು. ಜಯಸಿಂಹ ಅದನ್ನು ಅನ್ನಕ್ಕೆ ಕಲಸಿಕೊಂಡು, ತಲೆ ಎತ್ತದೆ, ಪೂರ್ತಿ ಊಟ ಮಾಡಿದರು. ಹೇಗಿದೆ ಎಂದರೆ ಚೆನ್ನಾಗಿದೆ ಎಂದರು. ಪೀಣ್ಯದಿಂದ ತಂದ ಹಣ್ಣು ಟೇಬಲ್ಲಿನ ಮೇಲೆ ಹಾಗೇ ಇತ್ತು.

ಕೈತೊಳೆದ ಮೇಲೆ ಶ್ಯಾಮಣ್ಣನವರಿಗೆ ಇನ್ನೂ ಹುರುಪು. "ಈಗ ಹೇಳ್ಬಹುದು ಬಿಡಿ. ಅಷ್ಟು ವರ್ಷ ನಾನು ಗೆದ್ದಿದ್ದು ಹೆಂಗೆ ಗೊತ್ತಾ? ಮಾರ್ಕೆಟ್ಟಿಂದ ಒಂದು ಹಣ್ಣು ತಂದು ಗಿಡಕ್ಕೆ ಕಟ್ಬಿಡ್ತಿದ್ದೆ. ಕಾಯಿಲ್ ಸುತ್ತೋ ತಾಮ್ರದ ತಂತಿ ಇತ್ತಲ್ಲ, ಕೂದ್ಲಷ್ಟು ಸಣ್ಣಂದು, ಅದ್ರಲ್ಲಿ. ಪ್ರಭಾ ಮೇಡಂಗೇ ಕಾಣಿಸ್ಲಿಲ್ಲ ನೋಡಿ. ಇವನ ಸಾರು ತಿನ್ನೋಕೆ ಇಷ್ಟೆಲ್ಲಾ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ತಂತಿಯನ್ನು ನೋಡಿ ನೋಡಿಯೇ ನನ್ನ ಸರ್ವೀಸ್ ಮುಗಿದಿತ್ತು. ನಾಲ್ಕು ಮಾತು ಬಿಗಿಯಾಗಿ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕೇರಂ ಆಡಲು ಬಾ ಎಂದು ಯಾರೋ ಫೋನ್ ಮಾಡಿದರು. ಶ್ಯಾಮಣ್ಣನವರು, "ಆಗಾಗ ಬರ್ತಾ ಇರೋ," ಎನ್ನುತ್ತಾ ನಮ್ಮ ಜೊತೆಯಲ್ಲೇ ಲಿಫ್ಟ್ ಇಳಿದು ಕ್ಲಬ್ ಹೌಸ್ ಕಡೆ ನಡೆದರು.

ಬಸ್ಸಿನಲ್ಲಿ ಜಯಸಿಂಹ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆಮೇಲೆ ಕೇಳಿದರು. "ಹಂಗಾದ್ರೆ ಪ್ರತಿ ವರ್ಷಾನೂ ಮೊದ್ಲು ಹಣ್ಣಾಗಿದ್ದು ನಂದೇ, ಅಲ್ವಾ ಮೇಡಂ?"

"ಹೌದು ಕಣ್ರೀ, ನಿಮ್ದೇ," ಎಂದೆ.

"ಗೆಲ್ತಿದ್ದೆ ಅಂತ ಈಗ ಗೊತ್ತಾಗಿ ಏನ್ ಮಾಡ್ಲಿ? ಅವನು ಅದನ್ನ ಹೇಳ್ಬಾರ್ದಿತ್ತು," ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು.

ಆ ವಾರ ಗಿಡದಲ್ಲಿದ್ದ ಕಾಯಿಗಳೆಲ್ಲ ಒಟ್ಟಿಗೆ ಹಣ್ಣಾದವು. ಬೇಗ ಬರುವ ತಳಿಯ ಗುಣವೇ ಅದು, ಬಂದರೆ ಎಲ್ಲವೂ ಒಮ್ಮೆಗೇ. ಅವರು ಕೀಳಲಿಲ್ಲ. ಪಿಕಳಾರ ಹಕ್ಕಿಗಳು ಬಂದು ಕುಕ್ಕಿ ಬೀಳಿಸಿದವು. ಕೆಲವು ದಿನ ಬಿಟ್ಟು ಒಂದು ಮಧ್ಯಾಹ್ನ ನಮ್ಮ ಗೇಟಿನ ಹತ್ತಿರ ಬಂದು, ಅದೇ ಸ್ಟೀಲ್ ಡಬ್ಬಿ ನನ್ನ ಕೈಗಿಟ್ಟರು. "ಅಭ್ಯಾಸಬಲ. ಹಕ್ಕಿ ಬಿಟ್ಟಿದ್ರಲ್ಲಿ ಸಾರು ಮಾಡೋಕೆ ಹೋಗಿ ಇಬ್ಬರಿಗಾಗೋಷ್ಟು ಮಾಡ್ಬಿಟ್ಟೆ," ಎಂದರು.

ಅಷ್ಟು ವರ್ಷ ತೀರ್ಪು ಕೊಟ್ಟವಳು ನಾನು, ಆ ಸಾರಿನ ರುಚಿಯನ್ನೇ ನೋಡಿರಲಿಲ್ಲ. ಮೆಣಸು, ಇಂಗು, ತುಪ್ಪದ ಒಗ್ಗರಣೆ. ಮೊದಲ ತುತ್ತಿಗೇ ಅತ್ತೆ, "ಯಾರೇ ಮಾಡಿದ್ದು ಇದು?" ಎಂದರು. ಶ್ಯಾಮಣ್ಣನವರ ಮೇಲಿದ್ದ ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಡಬ್ಬಿಯನ್ನು ಖಾಲಿ ಕೊಡಬಾರದೆಂದು ನಾಲ್ಕು ಚಕ್ಕುಲಿ ಹಾಕಿಕೊಂಡು ಅವರ ಮನೆಗೆ ಹೋದೆ. ಹಿತ್ತಿಲಲ್ಲಿ ಗಿಡ ಕಿತ್ತು ಗೋಡೆಗೆ ಒರಗಿಸುತ್ತಿದ್ದರು. ನಗಿಸೋಣ ಎಂದುಕೊಂಡೇ ಹೇಳಿದೆ. "ಇಂಥಾ ಸಾರಿಗೆ ಯಾರು ಬೇಕಾದ್ರೂ ಮೋಸ ಮಾಡ್ತಾರೆ ಬಿಡಿ."

ಅವರು ಕೈಯ ಮಣ್ಣು ಒರೆಸಿಕೊಂಡು ಡಬ್ಬಿ ತೆಗೆದುಕೊಂಡರು.

"ಮೋಸ ಯಾಕ್ ಮಾಡ್ಬೇಕಿತ್ತು ಮೇಡಂ," ಎಂದರು. "ಕೇಳಿದ್ರೆ ದಿನಾ ಮಾಡಿಹಾಕ್ತಿದ್ದೆ."