ಕ್ಯಾಪ್ ಹಾಕಲು ಇಬ್ಬರು ಬೇಕು

ಹೋದ ವಾರ ನಮ್ಮ ಯಜಮಾನರು ಒಂದು ಪೈಪಿನ ಎದುರು ಸೋತು ಕೂತರು.

ಬಣಕಲ್ ಬಳಿಯ ನಮ್ಮ ಮನೆಗೆ ಮೋಟಾರು, ಟ್ಯಾಂಕು ಏನೂ ಇಲ್ಲ. ಗುಡ್ಡದ ಒರತೆಗೆ ಪೈಪಿನ ಬಾಯಿ ಇಟ್ಟರೆ ಮುಗಿಯಿತು, ನೀರು ತಾನೇ ಇಳಿದು ಬರುತ್ತದೆ. ಕಾಫಿ ಕಣದ ಆಚೆ ಮನೆ ಕಟ್ಟಿಕೊಂಡಿರುವ ಮೈದುನ ಸುರೇಶನಿಗೂ ಅದರಿಂದಲೇ ಒಂದು ಕವಲು. ತೋಟ ಪಾಲಾದ ಮೇಲೆ ಅಣ್ಣ ತಮ್ಮ ಮಾತು ಬಿಟ್ಟಿದ್ದರು. ನೀರು ಮಾತ್ರ ಇಬ್ಬರ ಮನೆಗೂ ಹೋಗುತ್ತಿತ್ತು.

ಈಗ ಸುರೇಶ ಬೋರ್ ತೆಗೆಸಿದ್ದಾನೆ. "ಆ ನೀರು ನಂಗೆ ಬೇಡ ಅತ್ತಿಗೆ. ಪೈಪು ಬಂದ್ ಮಾಡ್ಲಿಕ್ಕೆ ಅವ್ರಿಗೆ ಹೇಳ್ಬಿಡಿ" ಎಂದ. ಅಣ್ಣಯ್ಯ ಹೋಗಿ ‘ಅವ್ರು’ ಆಗಿದ್ದು ನನಗೇ ಚುಚ್ಚಿತು. ಇವರಿಗೆ ಚುಚ್ಚದೇ ಇರುತ್ತದೆಯೇ? ಅಂದೇ ಮೂಡಿಗೆರೆಗೆ ಹೋಗಿ ಆ ಕವಲಿನ ಬಾಯಿ ಮುಚ್ಚಲು ಕ್ಯಾಪ್ ತಂದರು.

ಕ್ಯಾಪ್ ಹಾಕಿದರು, ಸೋರಿತು. ಬಿಚ್ಚಿ ಟೇಪ್ ಸುತ್ತಿದರು, ಸೋರಿತು. ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿದರು. (ನನ್ನ ಬಟ್ಟೆ ಒಣಹಾಕುವ ಹಗ್ಗವೂ ಅದಕ್ಕೇ ಹೋಯಿತು.) ಊಹೂಂ. ಮೇಲಿಂದ ನೀರು ನುಗ್ಗುತ್ತಲೇ ಇದ್ದರೆ ಒದ್ದೆ ಥ್ರೆಡ್ಡಿಗೆ ಟೇಪ್ ಕಚ್ಚುವುದಾದರೂ ಹೇಗೆ?

ತಿರುಗಿಸಿ ನೀರು ನಿಲ್ಲಿಸುವ ಗೇಟ್ ವಾಲ್ವ್ ನಮ್ಮಲ್ಲಿಲ್ಲ. ಒಬ್ಬ ಗುಡ್ಡ ಹತ್ತಿ ಒರತೆಯಿಂದ ಪೈಪ್ ಎಳೆದು ‘ಕೂ’ ಹಾಕಬೇಕು. ಕೆಳಗಿನವನು ರಿಪೇರಿ ಮುಗಿಸಿ ‘ಕೂ’ ಅಂದರೆ ಮತ್ತೆ ನೀರು ಬಿಡಬೇಕು. (ಮೊಬೈಲ್ ಬಂದಿದೆ, ರೇಂಜ್ ಬಂದಿಲ್ಲ.) ಇವರಿಗೂ ನನಗೂ ಈಗ ಆ ಏರು ಆಗದು. ಚಿಕ್ಕಂದಿನಿಂದಲೂ ಹತ್ತುತ್ತಿದ್ದವನು ಸುರೇಶನೇ.

"ಅವನನ್ನ ಕರೀರಿ" ಅಂದೆ.

"ಸೋರ್ಲಿ ಬಿಡು" ಅಂದರು.

ಮಾರನೇ ಬೆಳಗ್ಗೆ ಇವರು ಮತ್ತೆ ಅದೇ ಪೈಪಿನ ಮುಂದೆ ಕೂತಿದ್ದಾಗ ನೀರು ತಟ್ಟನೆ ನಿಂತಿತು. ಗುಡ್ಡದ ಮೇಲಿಂದ "ಕೂ..." ಎಂದು ಕೇಳಿಸಿತು. ಕಣದ ಆಚೆಯಿಂದ ಇವರ ಪಾಡು ನೋಡುತ್ತಿದ್ದ ಸುರೇಶ ತಾನಾಗಿಯೇ ಹತ್ತಿದ್ದ. ಇವರು ಉಟ್ಟ ಪಂಚೆಯಿಂದಲೇ ಥ್ರೆಡ್ ಒರೆಸಿ, ಟೇಪ್ ಸುತ್ತಿ, ಕ್ಯಾಪ್ ಬಿಗಿದರು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ತಾವೂ "ಕೂ" ಎಂದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನಗೆ ಅಳು ಬಂತು.

ಇಳಿದು ಬಂದ ಸುರೇಶ ಅಂಗಳದ ಅಂಚಿನಲ್ಲಿ ನಿಂತ.

"ಸೋರ್ತದಾ ಅಣ್ಣಯ್ಯ?"

"ಇಲ್ಲ ಮಾರಾಯ."

ಅಷ್ಟೇ. ಕಾಫಿಗೂ ನಿಲ್ಲದೆ ಹೋದ.

ಅಂದಿನಿಂದ ಕ್ಯಾಪ್ ಒಂದು ಹನಿ ಸೋರಿಲ್ಲ. ಅವರಿಬ್ಬರೂ ಒಂದು ಮಾತಾಡಿಲ್ಲ. ಸ್ಪ್ಯಾನರ್ ಎಲ್ಲಿದೆ ಎಂದು ನನಗೆ ಗೊತ್ತು. ನೀವೇ ಹೇಳಿ, ಅರ್ಧ ಸುತ್ತು ಸಡಿಲ ಮಾಡಿಬಿಡಲೇ?