ಹಾಜರಿ ಕರೆದರೆ ಬೆಚ್ಚುವ ವಗ್ದಿ ಚಿಕ್ಕಪ್ಪ

ವಗ್ದಿಯವರನ್ನು ನಶ್ವಾ ಮೊದಲು ಕಂಡದ್ದು, ತಾನು ಅಲೆಕ್ಸಾಂಡ್ರಿಯಾದ ಕಾನೂನು ಕಾಲೇಜಿಗೆ ಸೇರಿದ ದಿನ. ಬೂದು ಕೋಟು ತೊಟ್ಟ, ಅರವತ್ತರ ಅಂಚಿನ ಆ ವಿದ್ಯಾರ್ಥಿ ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ, ಒಂದು ಕಾಲನ್ನು ಹೊರಗಿಟ್ಟುಕೊಂಡು ಕೂತಿದ್ದರು. ಹಾಜರಿಯಲ್ಲಿ ಹೆಸರು ಕರೆದಾಗ ಬೆಚ್ಚಿಬಿದ್ದು, "ಯಾರು ಕೇಳ್ತಿರೋದು?" ಎಂದರು. ತರಗತಿ ಗೊಳ್ಳೆಂದಿತು. ಆಮೇಲೆ ದಿನವೂ ಅದೇ ಆಯಿತು. ಗಾಳಿಗೆ ಬಾಗಿಲು ಮುಚ್ಚಿಕೊಂಡರೆ ಪಾಠದ ನಡುವೆಯೇ ಎದ್ದು ತೆರೆದಿಡುವರು. ಚಳಿಗಾಲದಲ್ಲಿ ಸಮುದ್ರದ ಗಾಳಿಗೆ ಎಲ್ಲರೂ ನಡುಗುವರು. "ಚಿಕ್ಕಪ್ಪ, ಪದವಿ ಸಿಗೋದ್ರೊಳಗೆ ನಮಗೆಲ್ಲ ನ್ಯುಮೋನಿಯಾ ಗ್ಯಾರಂಟಿ" ಎಂದು ಹುಡುಗರು ರೇಗಿಸಿದರೆ, ಜೇಬಿನಿಂದ ಸೋಂಪು ತೆಗೆದು ಹಂಚುವರು. ಪುಸ್ತಕವಿಡೀ ಬಾಯಿಗೆ ಬರುತ್ತಿತ್ತು. ಆದರೂ ಮೊದಲ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಹೆಸರು ಕೂಗಿದ್ದೇ ತಡ, ಓಡಿಹೋಗಿ ಟ್ರಾಮ್ ಹತ್ತಿಬಿಟ್ಟರು. ಮರುವರ್ಷವೂ ತಪ್ಪಿಸಿದರೆ ಕಾಲೇಜಿನಿಂದಲೇ ಹೆಸರು ತೆಗೆಯುತ್ತಿದ್ದರು. ಮರುವರ್ಷದ ಪರೀಕ್ಷೆಯ ದಿನ ಮೊಗಸಾಲೆಯಲ್ಲಿ ಅವರು ಮತ್ತೆ ಹೊರಬಾಗಿಲ ಕಡೆಗೇ ನೋಡುತ್ತಿರುವುದನ್ನು ಕಂಡು ನಶ್ವಾ ಪಕ್ಕಕ್ಕೆ ಬಂದು ಕೂತಳು. "ಒಳಗಿರೋರು ನಿಮ್ಮ ಮಗನ ವಯಸ್ಸಿನೋರು, ಚಿಕ್ಕಪ್ಪ. ಏನು ಮಾಡ್ತಾರೆ?" ಎಂದಳು. "ಇಪ್ಪತ್ತು ವರ್ಷದವನಿದ್ದಾಗ ಇಲ್ಲೇ ಓದ್ತಿದ್ದೆ, ಇಬ್ಬರು ಪೊಲೀಸ್ನೋರು ತರಗತಿಗೆ ಬಂದು ಹೆಸರು ಹಿಡಿದು ಕರೆದ್ರು, ಮಗಳೇ. ಎರಡೇ ಪ್ರಶ್ನೆ ಕೇಳಿ ಕಳಿಸ್ತೀವಿ ಅಂದ್ರು. ಹನ್ನೊಂದು ತಿಂಗಳು ಕೇಳಿದ್ರು." ನಶ್ವಾ ಒಳಗೆ ಹೋಗಿ ಪರೀಕ್ಷೆ ಮಾಡುವ ಮೇಷ್ಟರಿಗೆ ಅಷ್ಟನ್ನೂ ಹೇಳಿದಳು. ಅವರು ಎದ್ದು ಬಂದು, ಮೊಗಸಾಲೆಯ ಬೆಂಚಿನಲ್ಲಿ ವಗ್ದಿಯ ಪಕ್ಕ ಕೂತು, ಅಲ್ಲೇ ಪ್ರಶ್ನೆ ಕೇಳತೊಡಗಿದರು. ಹನ್ನೆರಡು ನಿಮಿಷ ವಗ್ದಿ ನಡುಗುತ್ತಲೇ ಉತ್ತರ ಹೇಳಿದರು. ಈಗ ಅವರು ಮೂರನೇ ವರ್ಷದಲ್ಲಿ ಅಪರಾಧ ಕಾನೂನು ಓದುತ್ತಿದ್ದಾರೆ.