ಕಾಲುವೆ ಸೇತುವೆಯ ಏರಿನಲ್ಲಿ ನಿಂತ ಗಾಡಿ

ಇಂಥ ಸಂಗತಿಯನ್ನು ಬೇರೆಯವರು ಹೇಳತೊಡಗಿದರೆ ನಾನು ಅರ್ಧಕ್ಕೇ ಎದ್ದು ಹೋಗುತ್ತಿದ್ದೆ. ದೇವದುರ್ಗದಲ್ಲಿ ನನ್ನದೊಂದು ಸಣ್ಣ ಡ್ರೈವಿಂಗ್ ಸ್ಕೂಲು ಇದೆ. ಕಾರು ಕಲಿಯಲು ಬಂದವರು ಇಂಥ ತಿರುವಿನಲ್ಲಿ ದೆವ್ವ ಅಡ್ಡ ಬರುತ್ತದೆ, ಇಂಥ ಹುಣಸೆ ಮರದ ಕೆಳಗೆ ಎಂಜಿನ್ ತಾನೇ ಬಂದ್ ಆಗುತ್ತದೆ ಎಂದೆಲ್ಲ ಹೇಳುತ್ತಿರುತ್ತಾರೆ. ಕ್ಲಚ್ಚು ಬೇಗ ಬಿಟ್ಟರೆ ಯಾವ ಮರದ ಕೆಳಗಾದರೂ ಬಂದ್ ಆಗುತ್ತದೆ ಎನ್ನುತ್ತಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ, ಆದರೆ ಮಾತಿನಲ್ಲಿ ಮೊದಲಿನ ಗಟ್ಟಿತನ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬಬೇಕೆಂದು ಕೇಳುವುದಿಲ್ಲ. ನಾನೇ ಪೂರ್ತಿ ನಂಬಿಲ್ಲ.

ನನ್ನ ಹೆಂಡತಿ ಶಾಹಿದಾಳ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ರಾಯಚೂರಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಮಸರಕಲ್, ಕಲ್ಮಲ ದಾಟಿ ಹೋಗುವ ದಾರಿ. ಬೆಳಿಗ್ಗೆ ಹೊರಟರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ವಾಪಸು ಬರುವಾಗ ಅವಳ ಮೈಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಗೇರು ಬದಲಿಸುವಾಗ ಆಗುವ ಸಣ್ಣ ಜಗ್ಗಾಟಕ್ಕೂ ವಾಂತಿ ಮಾಡಿಕೊಳ್ಳುತ್ತಿದ್ದಳು. ಅದಕ್ಕೆಂದೇ ನನ್ನ ಹಳೆಯ ಕಾರು ಕೊಟ್ಟು, ಯಾರೋ ಬಳಸಿ ಬಿಟ್ಟ ಒಂದು ಆಟೋಮ್ಯಾಟಿಕ್ ಕಾರು ತಂದೆ. ಅದು ನೀರಿನ ಮೇಲೆ ದೋಣಿ ಹೋದ ಹಾಗೆ ಹೋಗುತ್ತಿತ್ತು. ಮೊದಲ ದಿನ ಅವಳು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದ್ದನ್ನು ನೋಡಿ ನನಗೆ ಎಷ್ಟೋ ಸಮಾಧಾನವಾಗಿತ್ತು.

ಆ ಕಾರಿನಲ್ಲಿ ಹಿಲ್ ಸ್ಟಾರ್ಟ್ ಅಸಿಸ್ಟ್ ಎನ್ನುವ ಒಂದು ಸೌಲಭ್ಯ ಇತ್ತು. ಏರಿನಲ್ಲಿ ನಿಂತ ಗಾಡಿಯ ಬ್ರೇಕಿನಿಂದ ಕಾಲು ತೆಗೆದು ಎಕ್ಸಲೇಟರಿಗೆ ಇಡುವಷ್ಟರಲ್ಲಿ ಗಾಡಿ ಹಿಂದೆ ಜಾರಬಾರದಲ್ಲ, ಅದಕ್ಕೆ ಗಾಡಿಯೇ ಒಂದೆರಡು ಸೆಕೆಂಡು ಬ್ರೇಕು ಹಿಡಿದುಕೊಂಡಿರುತ್ತದೆ. ಆಮೇಲೆ ತಾನೇ ಬಿಡುತ್ತದೆ. ನಮ್ಮ ಸೀಮೆಯಲ್ಲಿ ಏರು ಎಲ್ಲಿದೆ ಎಂದು ನೀವು ಕೇಳಬಹುದು. ಮಸರಕಲ್ ಮುಟ್ಟುವ ಮೊದಲು ಒಂದು ಕಾಲುವೆ ಸೇತುವೆ ಇದೆ, ಅದಕ್ಕೆ ಹತ್ತುವ ರಸ್ತೆ ಚೆನ್ನಾಗಿಯೇ ಏರಾಗಿದೆ. ಆಗ ಅದರ ಒಂದು ಬದಿಯನ್ನು ಒಡೆದು ಕೆಲಸ ನಡೆಸಿದ್ದರು. ಆಚೆಯ ಗಾಡಿಗಳು ಬರುವತನಕ ಈಚೆಯವರು ಏರಿನ ನಡುವೆ ಕಾಯಬೇಕಿತ್ತು. ಅಲ್ಲಿ ಕೆಂಪು ಬಟ್ಟೆ ಹಿಡಿದು ನಿಲ್ಲುತ್ತಿದ್ದ ಕೂಲಿ ಹೆಂಗಸು ಹನುಮವ್ವ. ವಾರಕ್ಕೆರಡು ಸಲ ಕಂಡು ಕಂಡು ನಮಗೆ ಪರಿಚಯವಾಗಿದ್ದಳು.

ಆ ಏರಿನಲ್ಲಿ ನನ್ನ ಗಾಡಿ ಹಿಂದೆ ಜಾರುತ್ತಿತ್ತು. ಬ್ರೇಕಿನಿಂದ ಕಾಲು ತೆಗೆದ ಕ್ಷಣಕ್ಕೇ, ಹಿಡಿದುಕೊಳ್ಳುವವರೇ ಇಲ್ಲ ಎಂಬಂತೆ ಹಿಂದಕ್ಕೆ ಹೋಗುತ್ತಿತ್ತು. ಒಮ್ಮೆ ಹಿಂದಿದ್ದ ಟಂಟಂ ಆಟೋಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು. ರಾಯಚೂರಿನ ಗ್ಯಾರೇಜಿನವರು ಕಂಪ್ಯೂಟರ್ ಹಚ್ಚಿ ನೋಡಿ, ಯಾವ ದೋಷವೂ ಇಲ್ಲ ಎಂದರು. ನಾನೊಬ್ಬನೇ ಹೋಗಿ ಅದೇ ಏರಿನಲ್ಲಿ ಮತ್ತೆ ಮತ್ತೆ ನಿಲ್ಲಿಸಿ ನೋಡಿದೆ. ಪ್ರತಿ ಸಲವೂ ಸರಿಯಾಗಿ ಹಿಡಿಯಿತು. ತೂಕದ ವಿಷಯ ಇರಬಹುದೆಂದು ಶಾಹಿದಾ ಕೂಡುವ ಜಾಗದಲ್ಲಿ ಒಂದು ಗೊಬ್ಬರದ ಚೀಲ ಇಟ್ಟುಕೊಂಡು ಹೋದೆ. ಆಗಲೂ ಹಿಡಿಯಿತು. ಅವಳು ಕೂತ ದಿನ ಮಾತ್ರ ಜಾರುತ್ತಿತ್ತು, ಅದೂ ರಾಯಚೂರಿಗೆ ಹೋಗುವಾಗ. ಇದನ್ನು ಆಕಸ್ಮಿಕ ಎಂದುಕೊಂಡೆ. ಬೇರೆ ಏನೆಂದುಕೊಳ್ಳಲಿ?

ಒಂದು ಮುಂಜಾನೆ ಶಾಹಿದಾ ತಾನಿನ್ನು ಬರುವುದಿಲ್ಲ ಎಂದಳು. ಹಟದ ದನಿಯಲ್ಲಿ ಅಲ್ಲ, ಅಡಿಗೆಗೆ ಇವತ್ತು ಉಪ್ಪು ಸಾಕು ಎನ್ನುವ ಹಾಗೆ. ಕೈಯಲ್ಲಿ ಸೂಜಿ ಚುಚ್ಚಲು ಜಾಗ ಉಳಿದಿಲ್ಲ, ಆ ಮಂಚದ ಮೇಲೆ ಮಲಗಿ ಫ್ಯಾನು ನೋಡುವುದು ಸಾಕಾಗಿದೆ ಎಂದಳು. ಮಾನ್ವಿಗೆ ಮದುವೆಯಾಗಿ ಹೋಗಿದ್ದ ಮಗಳು ನಸ್ರೀನ್ ಫೋನಿನಲ್ಲಿ ಅತ್ತು ಒಪ್ಪಿಸಿದಳು. ತಾಯಿ ಮಗಳಿಗಾಗಿ ಹೂಂ ಅಂದಳು. ನಾನು ಎತ್ತಿ ತಂದು ಕಾರಿನಲ್ಲಿ ಕೂಡಿಸಿದೆ.

ಸೇತುವೆಯ ಏರಿನಲ್ಲಿ ಹನುಮವ್ವ ಬಟ್ಟೆ ಅಡ್ಡ ಹಿಡಿದಳು. ನಿಂತೆ. ದಾರಿ ಬಿಟ್ಟಾಗ, ಇವತ್ತೂ ಜಾರುತ್ತದೆ ಎಂದು ಮೈ ಬಿಗಿಹಿಡಿದೇ ಬ್ರೇಕಿನಿಂದ ಕಾಲು ತೆಗೆದೆ. ಜಾರಲಿಲ್ಲ. ಸದ್ಯ, ಸರಿಹೋಯಿತು ಎಂದು ಎಕ್ಸಲೇಟರ್ ಒತ್ತಿದೆ. ಎಂಜಿನ್ ಕೂಗಿತು, ಗಾಡಿ ಮುಂದೆ ಹೋಗಲಿಲ್ಲ. ಇನ್ನಷ್ಟು ಒತ್ತಿದೆ. ಇದ್ದಲ್ಲೇ ಇತ್ತು. ಹ್ಯಾಂಡ್‌ಬ್ರೇಕ್ ನೋಡಿದೆ, ಕೆಳಗೇ ಇತ್ತು. ನ್ಯೂಟ್ರಲ್‌ಗೆ ಹಾಕಿದೆ. ಏರಿನಲ್ಲಿ ನಿಂತ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಬ್ರೇಕು ಬಿಟ್ಟರೆ ಅದು ಹಿಂದಕ್ಕೆ ಉರುಳಲೇಬೇಕು. ನಾನು ಇಪ್ಪತ್ತು ವರ್ಷದಿಂದ ಜನರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಅದೊಂದು. ನನ್ನ ಎರಡೂ ಕಾಲು ಬರೀ ನೆಲದ ಮೇಲಿದ್ದವು. ಗಾಡಿ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಹಿಂದಿನವರು ಹಾರ್ನು ಹೊಡೆಯತೊಡಗಿದರು. ಎಂಜಿನ್ ಬಂದ್ ಮಾಡಿ ಇಳಿದೆ. ಟೈರಿನ ಕೆಳಗೆ ಬಗ್ಗಿ ನೋಡಿದೆ, ಒಂದು ಹರಳೂ ಇರಲಿಲ್ಲ. ಹತ್ತಿ ಹೇರಿದ ಟ್ರಾಕ್ಟರಿನವನು ಬಂದ, ಕೆಲಸದವರು ಬಂದರು, ಹನುಮವ್ವನೂ ಬಟ್ಟೆ ಸೊಂಟಕ್ಕೆ ಸಿಗಿಸಿಕೊಂಡು ಬಂದಳು. ಹಿಂದಿನಿಂದ ಎಲ್ಲರೂ ಸೇರಿ ದೂಡಿದೆವು. ಕದಲಲಿಲ್ಲ. ಮುಂದೆ ಹೋಗಿ ಇಳಿಜಾರಿನ ಕಡೆಗೆ ದೂಡಿದೆವು. ಹಾಗೂ ಕದಲಲಿಲ್ಲ. ಡಯಾಲಿಸಿಸ್‌ಗೆ ಕೊಟ್ಟ ಹೊತ್ತು ಮೀರುತ್ತಿತ್ತು. ನಾನು ಟ್ರಾಕ್ಟರಿನವನ ಕೈ ಹಿಡಿದು, ಇನ್ನೊಂದು ಸಲ, ಇನ್ನೊಂದೇ ಸಲ ಎಂದು ಬೇಡಿಕೊಂಡೆ. ಬೇರೆ ಯಾವುದಾದರೂ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೇನೆಂದು ಹಿಂದಿನ ಬಾಗಿಲಿಗೆ ಕೈ ಹಾಕಿದೆ. ಲಾಕು ತೆಗೆದೇ ಇತ್ತು, ಎಷ್ಟು ಎಳೆದರೂ ಬಾಗಿಲು ಬರಲಿಲ್ಲ.

ಕೊನೆಗೆ ಮುಂದಿನ ಸೀಟಿಗೆ ಬಂದು ಕೂತೆ. ಹೊರಗೆ ಅಷ್ಟು ಗದ್ದಲವಿದ್ದರೂ ಒಳಗೆ ನಿಶ್ಶಬ್ದವಾಗಿತ್ತು. ನಮ್ಮ ಮನೆಯ ಮಾತು ದಖನಿ. ಶಾಹಿದಾ ಹಿಂದಿನಿಂದ ಮೆಲ್ಲಗೆ, "ನಕ್ಕೋ ಜೀ ಅಬ್. ಘರ್ ಚಲೋ" ಎಂದಳು. ಬೇಡ ಇನ್ನು, ಮನೆಗೆ ಹೋಗೋಣ ಎಂದು.

ಮನೆಗೆ ಹೋಗುವುದೆಂದರೆ ಏನೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆಮೇಲೆ ಆಯಿತು ಎಂದೆ. ಬರೀ ಆಯಿತು ಎಂದೆ. ಗೇರು ಮುಟ್ಟಲಿಲ್ಲ, ಕೀಲಿ ತಿರುವಲಿಲ್ಲ.

ಗಾಡಿ ಹಿಂದಕ್ಕೆ ಹೊರಟಿತು. ದಡಬಡಿಸಿ ಅಲ್ಲ, ತೊಟ್ಟಿಲು ತೂಗಿದಷ್ಟು ಮೆತ್ತಗೆ. ಹಿಂದಿದ್ದವರು ಕೂಗುತ್ತ ಬದಿಗೆ ಸರಿದರು. ಸ್ಟೇರಿಂಗ್ ನೇರ ಹಿಡಿದುಕೊಂಡೆ ಅಷ್ಟೆ. ಏರಿನ ಬುಡದಲ್ಲಿ ಬ್ರೇಕು ಒತ್ತಿದೆ, ನಿಂತಿತು. ಕೀಲಿ ತಿರುವಿದೆ, ಎಂದಿನಂತೆ ಚಾಲೂ ಆಯಿತು. ಆ ಗಳಿಗೆಯಲ್ಲಿ ಅದನ್ನು ಮತ್ತೆ ರಾಯಚೂರಿನ ಕಡೆಗೆ ಹತ್ತಿಸಬಹುದಿತ್ತೋ ಏನೋ. ಕೈ ತಾನೇ ದೇವದುರ್ಗದ ಕಡೆಗೆ ತಿರುಗಿಸಿತು. ದಾರಿಯಲ್ಲಿ ಅವಳು ಕಿಟಕಿ ಇಳಿಸಲು ಹೇಳಿದಳು. ತೊಗರಿ ಹೊಲಗಳ ಗಾಳಿಗೆ ಮುಖ ಕೊಟ್ಟು ಕೂತಳು.

ಆಮೇಲಿನ ದಿನಗಳಲ್ಲಿ, ಹೋಗೋಣವೇ ಎಂದು ನಾನು ಕೇಳಿದಾಗಲೆಲ್ಲ ತಲೆಯಾಡಿಸಿ ಬೇಡವೆಂದಳು. ಕಾಲು, ಮುಖ ಬಾತವು. ಉಸಿರು ಕಷ್ಟವಾಯಿತು. ಮುಂದಿನ ಶುಕ್ರವಾರ ಮಧ್ಯಾಹ್ನ, ಮಾನ್ವಿಯಿಂದ ಬಂದಿದ್ದ ನಸ್ರೀನ್ ತಾಯಿಯ ತಲೆ ಒರೆಸುತ್ತಿದ್ದಾಗ ಶಾಹಿದಾ ತೀರಿಕೊಂಡಳು.

ಮಣ್ಣು ಮಾಡಿ ಬಂದ ಸಂಜೆ ನಸ್ರೀನ್ ನನ್ನನ್ನು ಕೇಳಿದಳು. "ಅಬ್ಬಾ, ಖರೇನೇ ಗಾಡಿ ಕೆಟ್ಟಿತ್ತಾ?"

ಕೆಟ್ಟಿತ್ತು ಎಂದೆ. ಅವಳು ಮತ್ತೆ ಕೇಳಲಿಲ್ಲ, ಆದರೆ ಆವತ್ತಿನಿಂದ ನನ್ನ ಜೊತೆ ಅವಳ ಮಾತು ಕಡಿಮೆಯಾಗಿದೆ. ಗ್ಯಾರೇಜಿನವರು ಮತ್ತೊಮ್ಮೆ ಎಲ್ಲ ಬಿಚ್ಚಿ ನೋಡಿದರು. ಬ್ರೇಕಿನ ಒತ್ತಡ ಬಿಡದೆ ಸಿಕ್ಕಿಕೊಂಡಿರಬಹುದು, ಹಾಗಾಗಿದ್ದರೆ ಕಂಪ್ಯೂಟರಿನಲ್ಲಿ ಗುರುತು ಉಳಿಯಬೇಕಿತ್ತು, ಉಳಿದಿಲ್ಲ ಎಂದರು. ಯಂತ್ರದ ದೋಷವೇ ಆಗಿದ್ದರೆ, ಒಂದು ಕೆಟ್ಟ ಬ್ರೇಕಿನ ಮಾತು ಕೇಳಿ ನಾನು ಹೆಂಡತಿಯನ್ನು ಸಾಯಲು ಮನೆಗೆ ತಂದ ಹಾಗಾಯಿತು. ದೋಷ ಅಲ್ಲವಾದರೆ ಅದು ಏನು? ಎರಡರಲ್ಲಿ ಯಾವುದನ್ನು ಹಿಡಿದರೂ ರಾತ್ರಿ ನಿದ್ದೆ ಬರುವುದಿಲ್ಲ.

ಸೇತುವೆಯ ಕೆಲಸ ಮುಗಿಯುವ ಮೊದಲು ಒಂದು ದಿನ ಹನುಮವ್ವನನ್ನು ಕಾಣಲು ಹೋದೆ. ಗಾಡಿ ನಿಜವಾಗಿ ಕದಲಲಿಲ್ಲವೋ, ಇಲ್ಲ ನನಗೆ ಹಾಗೆ ಅನ್ನಿಸಿತೋ ಎಂದು ಕೇಳಬೇಕಿತ್ತು. ಶಾಹಿದಾ ಹೋದ ಸುದ್ದಿ ಕೇಳಿ ಅವಳು ಬಾಯಿಗೆ ಸೆರಗು ಇಟ್ಟುಕೊಂಡಳು. ಗಾಡಿಯ ವಿಷಯ ಅವಳಿಗೆ ಬೇಕಾಗಿರಲಿಲ್ಲ.

"ಕಲ್ಲಿನ ಗ್ವಾಡಿ ದೂಡಿದಂಗ ಇತ್ತು ಬಿಡ್ರಿ ಸಾಹೇಬ್ರ. ನೀವು ಟೈರ್ ನೋಡಾಕತ್ತಿದ್ರಿ, ನಾ ಆಕಿನ್ನ ನೋಡಿದೆ" ಎಂದಳು. "ಮುಂದಿನ ಸೀಟಿಗೆ ಎರಡೂ ಕೈ ಕೊಟ್ಟು ಒತ್ತಿ ಹಿಡದಿದ್ಲು. ನಾವು ದೂಡಿದಾಗೊಮ್ಮೆ ಇನ್ನಷ್ಟು ಒತ್ತತಿದ್ಲು. ಅಳಾಕತ್ತಿದ್ಲು, ಯಪ್ಪಾ."

ನಾನು ಅದನ್ನು ಕಂಡಿರಲಿಲ್ಲ. ಆ ವಾರ ಶಾಹಿದಾಳ ಕೈಯಲ್ಲಿ ನೀರಿನ ಲೋಟ ಎತ್ತುವಷ್ಟೂ ಶಕ್ತಿ ಇರಲಿಲ್ಲ. ನಾನೇ ಕುಡಿಸುತ್ತಿದ್ದೆ.